ಜೇನು ಕೊಡದ ಜೇನುಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ, ನಮ್ಮ ಹಿತ್ತಲಿನ ತುಂಬೆ ಗಿಡಕ್ಕೆ ಒಂದೇ ಬೆಳಿಗ್ಗೆ ಆರು ತರದ ಜೇನು ಬಂದಿದ್ದವು ಅಂತ ನಾಲ್ಕು ಸಾಲು ಬರೆದಿದ್ದೆ. ಸುಮ್ನೆ, ಜಾಗ ಉಳಿದಿತ್ತು ಅಂತ ಬರೆದದ್ದು. ಅದಕ್ಕೆ ಬಂದಷ್ಟು ಪತ್ರ ಅಡಿಕೆ ಕೊಳೆರೋಗದ ಬಗ್ಗೆ ಬರೆದಾಗಲೂ ಬಂದಿರಲಿಲ್ಲ! ಹೆಚ್ಚಿನವು ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವು. ಎಲ್ಲಕ್ಕೂ ಉತ್ತರ ಬರೆಯುವುದಕ್ಕೆ ಆಗಲಿಲ್ಲ, ಕೆಲವನ್ನು ಆರಿಸಿಕೊಂಡಿದ್ದೇನೆ.

ಜೇನು ಅಂದರೆ ಹೆಜ್ಜೇನು, ತುಡುವೆ, ಕೋಲ್ಜೇನು, ಮಿಸ್ರಿ. ನಮ್ಮಜ್ಜ ಹೇಳಿಕೊಟ್ಟಿದ್ದು ಇಷ್ಟೇ. ನಿಮಗೆ ಆರು ಎಲ್ಲಿಂದ ಬಂದವು?
— ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು

ನಿಮ್ಮಜ್ಜ ಹೇಳಿದ್ದು ಸರಿಯಾಗಿಯೇ ಇದೆ. ಅವರು ಜೇನುತುಪ್ಪ ಸಿಗುವ ಹುಳಗಳ ಲೆಕ್ಕ ಹೇಳಿದ್ದಾರೆ, ಅಷ್ಟೇ. ತೊಂದರೆ ಇರೋದು ನಮ್ಮ ಮಾತಿನಲ್ಲಿ. ಕನ್ನಡದಲ್ಲಿ ತುಪ್ಪಕ್ಕೂ ಜೇನು ಅಂತೀವಿ, ಹುಳಕ್ಕೂ ಜೇನು ಅಂತೀವಿ. ಹಾಗಾಗಿ ತುಪ್ಪ ಕೊಡದ ಹುಳ ಜೇನಿನ ಲೆಕ್ಕಕ್ಕೇ ಬರಲಿಲ್ಲ. ಅದನ್ನು 'ಯಾವುದೋ ನೊಣ' ಅಂತಲೋ 'ದುಂಬಿ' ಅಂತಲೋ ಕರೆದು ಬಿಟ್ಟುಬಿಟ್ಟೆವು.

ಪ್ರಪಂಚದಲ್ಲಿ ಇಲ್ಲಿಯವರೆಗೆ ಹೆಸರಿಟ್ಟಿರುವ ಜೇನಿನ ಜಾತಿಗಳು 20,000ಕ್ಕೂ ಜಾಸ್ತಿ. ಭಾರತದಲ್ಲೇ 700ಕ್ಕೂ ಹೆಚ್ಚು ದಾಖಲಾಗಿವೆ. ಇವುಗಳಲ್ಲಿ ತುಪ್ಪ ಕೂಡಿಡುವವು ಕೆಲವೇ ಕೆಲವು. ಉಳಿದವು ಬಹುತೇಕ ಒಂಟಿ ಜೇನುಗಳು. ರಾಣಿ ಇಲ್ಲ, ಆಳುಗಳಿಲ್ಲ, ಗೂಡಿನ ತುಂಬ ಗದ್ದಲವಿಲ್ಲ. ಒಂದು ಹೆಣ್ಣು ಒಬ್ಬಳೇ ತೂತು ಮಾಡುತ್ತಾಳೆ, ಪರಾಗ ಮತ್ತು ಮಕರಂದ ಕಲಸಿ ಉಂಡೆ ಕಟ್ಟಿಡುತ್ತಾಳೆ, ಅದರ ಮೇಲೆ ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತಾಳೆ. ಮರಿ ಹೊರಗೆ ಬರುವ ಹೊತ್ತಿಗೆ ಹೆಚ್ಚಿನ ಸಲ ತಾಯಿ ಬದುಕಿರುವುದೇ ಇಲ್ಲ.

ನಮ್ಮ ತುಂಬೆ ಗಿಡದ ಆರು ಯಾವುವು ಅಂದರೆ: ತುಡುವೆ, ಮಿಸ್ರಿ, ನೀಲಿ ಪಟ್ಟೆಯ ಜೇನು, ಹಸಿರು ಲೋಹದ ಹಾಗೆ ಮಿನುಗುವ ಪುಟ್ಟ ಮರಕೊರಕ ಜೇನು, ಇರುವೆಗಿಂತ ಸ್ವಲ್ಪ ದೊಡ್ಡದಿರುವ ಒಂದು ಕಪ್ಪು ಬೆವರುಜೇನು (ಇದರ ಬಳಗದ ಜಾತಿಗಳು ಬೆವರು ನೆಕ್ಕಲು ಕೈಮೇಲೆ ಕೂರುತ್ತವೆ, ಅದಕ್ಕೆ ಆ ಹೆಸರು), ಆರನೆಯದು ಕೋಗಿಲೆ ಜೇನು. ಈ ಕೊನೆಯದರ ಕಪ್ಪು ಮೈಮೇಲೆ ಯಾರೋ ಕುಂಚ ಕೊಡವಿದ ಹಾಗೆ ತಿಳಿನೀಲಿ ಚುಕ್ಕಿಗಳಿರುತ್ತವೆ. ನೋಡೋಕೆ ಚಂದ, ಬುದ್ಧಿ ಮಾತ್ರ ಕೋಗಿಲೆಯದೇ. ನೀಲಿ ಪಟ್ಟೆಯ ಜೇನು ಕಷ್ಟಪಟ್ಟು ಪರಾಗ ತುಂಬಿಟ್ಟ ಗೂಡಿಗೆ ನುಗ್ಗಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಹೀಗಾಗಿ ಪರಾಗ ಹೊರುವ ಕೂದಲೇ ಇದಕ್ಕಿಲ್ಲ. ಕೋಗಿಲೆ ಜೇನು ಕಂಡಿತು ಅಂದರೆ ಹತ್ತಿರದಲ್ಲೇ ನೀಲಿ ಪಟ್ಟೆಯವರ ಗೂಡು ಇದೆ ಅಂತಲೇ ಅರ್ಥ.

ಇನ್ನೊಂದು ವಿಷಯ. ಎಲ್ಲರಿಗೂ ಗೊತ್ತು ಅಂದುಕೊಂಡಿರುವ ತುಡುವೆಯಲ್ಲೂ ಜಗಳ ಮುಗಿದಿಲ್ಲ. ಪಶ್ಚಿಮ ಘಟ್ಟದ ಕಪ್ಪು ತುಡುವೆ ಬೇರೆಯೇ ಜಾತಿ ಅಂತ ಹೇಳಿ 2022ರಲ್ಲಿ ಕೇರಳದ ಸಂಶೋಧಕರು ಅದಕ್ಕೆ ಏಪಿಸ್ ಕರಿಂಜೋಡಿಯನ್ ಅಂತ ಹೆಸರಿಟ್ಟರು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿನ ಕಥೆಯೇ ಹೀಗಿರುವಾಗ ತುಂಬೆ ಗಿಡದ ಪುಟಾಣಿಗಳದ್ದು ಕೇಳಬೇಕಾ!

ಮನೆ ಹಿಂದಿನ ಧರೆಯಲ್ಲಿ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಪೆನ್ಸಿಲ್ ತೂರುವಷ್ಟು ದೊಡ್ಡ ತೂತುಗಳು ಹತ್ತಾರು ಇವೆ. ಹಾವಿನ ಮರಿ ಅಂತ ಒಬ್ಬರು, ಗೆದ್ದಲು ಅಂತ ಒಬ್ಬರು. ಸೀಮೆಎಣ್ಣೆ ಹೊಯ್ಯಲಾ?
— ಹೊಸನಗರದಿಂದ ಗೃಹಿಣಿ

ದಯವಿಟ್ಟು ಹೊಯ್ಯಬೇಡಿ. ಬಿಸಿಲು ಬಂದ ಮೇಲೆ, ಹತ್ತು ಗಂಟೆ ಹೊತ್ತಿಗೆ, ಒಂದು ಮಣೆ ಹಾಕಿಕೊಂಡು ಧರೆಯ ಎದುರು ಹತ್ತು ನಿಮಿಷ ಕೂತುಬಿಡಿ. ತೂತಿನ ಬಾಯಿಗೆ ನೆರಳು ಬೀಳದ ಹಾಗೆ ಸ್ವಲ್ಪ ಪಕ್ಕಕ್ಕೆ ಕೂರಿ. ಗುಂಯ್ ಅಂತ ಒಂದು ಬಂದು, ತೂತಿನ ಮುಂದೆ ಗಾಳಿಯಲ್ಲೇ ನಿಂತು ಎಡಕ್ಕೆ ಬಲಕ್ಕೆ ತೂಗಿ, ತನ್ನ ಮನೆ ಯಾವುದು ಅಂತ ಗುರುತು ಹಿಡಿದು ಸರ್ರನೆ ಒಳಗೆ ಹೋಗುತ್ತದೆ. ಹಿಂಗಾಲಿನಲ್ಲಿ ಹಳದಿ ಹಿಟ್ಟು ಮೆತ್ತಿರುತ್ತದೆ. ಒಳಗಿಂದ ಸಣ್ಣಗೆ ಝೀಂ ಝೀಂ ಅಂತ ಕೇಳಿಸಿದರೆ ಮಣ್ಣು ಕೆರೆಯುತ್ತಿದೆ ಅಂತ ತಿಳಿಯಿರಿ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆ ಕಂಡರೆ ಅದೇ ನೀಲಿ ಪಟ್ಟೆಯ ಜೇನು, ವಿಜ್ಞಾನದವರು ಅಮೆಜಿಲ್ಲಾ ಅನ್ನುವ ಗುಂಪು. ಪಟ್ಟೆ ಇಲ್ಲದ ಸಣ್ಣ ಕಪ್ಪು ಹುಳವಾದರೆ ಬೆವರುಜೇನಿನ ಪೈಕಿ ಯಾವುದೋ ಇರಬಹುದು. ಹಳದಿ ಹಿಟ್ಟಿನ ಬದಲು ಕೊಡತಿ ಹುಳವನ್ನೋ ಜೇಡವನ್ನೋ ಎಳೆದುಕೊಂಡು ಬಂದರೆ ಅದು ಕಣಜ.

ಪ್ರಪಂಚದ ಜೇನು ಜಾತಿಗಳಲ್ಲಿ ಹೆಚ್ಚು ಕಡಿಮೆ ನೂರಕ್ಕೆ 70ರಷ್ಟು ಗೂಡು ಮಾಡುವುದು ಮಣ್ಣಿನಲ್ಲೇ. ನಮ್ಮ ಮಲೆನಾಡಿನ ಧರೆ ಅವಕ್ಕೆ ಹೇಳಿ ಮಾಡಿಸಿದ ಜಾಗ. ಕೆಮ್ಮಣ್ಣು, ನಿಂತ ಗೋಡೆ, ಮಳೆ ನೀರು ಒಳಗೆ ನಿಲ್ಲುವುದಿಲ್ಲ, ಬೆಳಗಿನ ಬಿಸಿಲು ಬೀಳುತ್ತದೆ. ಹಳೆ ಮಣ್ಣಿನ ಗೋಡೆಯೂ ಹಾಗೇ. ಈಗ ಧರೆ ಕಡಿದು ಸಿಮೆಂಟ್ ಪಿಚ್ಚಿಂಗ್ ಮಾಡಿಸೋದು ಜಾಸ್ತಿಯಾಗಿದೆ. ಕುಸಿಯೋ ಧರೆಗೆ ಅದು ಬೇಕು, ಇಲ್ಲ ಅನ್ನಲ್ಲ. ಗಟ್ಟಿ ನಿಂತಿರೋ ಧರೆಗೂ ಅಂದಕ್ಕೆ ಅಂತ ಸಿಮೆಂಟ್ ಬಳಿಯೋದು ಯಾಕೋ ನನಗೆ ಅರ್ಥವಾಗಿಲ್ಲ.

ಇವು ಕಚ್ಚುತ್ತವಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಅಮುಕಿದರೆ ಹೆಣ್ಣು ಚುಚ್ಚುತ್ತದೆ. ಹೆಜ್ಜೇನಿನ ಹಾಗೆ ಅಟ್ಟಿಸಿಕೊಂಡು ಬರುವುದಿಲ್ಲ. ಕಾಯುವುದಕ್ಕೆ ತುಪ್ಪದ ಭಂಡಾರವೇ ಇಲ್ಲವಲ್ಲ. ಗಂಡಿಗಂತೂ ಮುಳ್ಳೇ ಇಲ್ಲ.

ನಮ್ಮ ಹೈಸ್ಕೂಲಿನ ಮಕ್ಕಳ ಜೊತೆ ಊರಿನ ಜೇನುಗಳ ಪಟ್ಟಿ ಮಾಡಬೇಕು ಅಂತಿದೆ. ನಮ್ಮಲ್ಲಿ ಸೂಕ್ಷ್ಮದರ್ಶಕ ಇಲ್ಲ, ಬಲೆ ಇಲ್ಲ, ನನಗೆ ಹೆಸರುಗಳೂ ಗೊತ್ತಿಲ್ಲ. ಆಗುವ ಕೆಲಸವಾ?
— ತೀರ್ಥಹಳ್ಳಿ ತಾಲ್ಲೂಕಿನ ಶಿಕ್ಷಕಿ

ಆಗುತ್ತದೆ ಮೇಡಂ. ಹೆಸರು ಗೊತ್ತಿಲ್ಲದೇ ಇರೋದೇ ಒಳ್ಳೆಯದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹೆಸರು ಗೊತ್ತಿದ್ದವರು ಹೆಸರು ಹೇಳಿ ಮುಂದೆ ಹೋಗಿಬಿಡುತ್ತಾರೆ. ಗೊತ್ತಿಲ್ಲದವರು ನೋಡುತ್ತಾರೆ.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹೂವಿನ ಜಾಗ ಆರಿಸಿ. ತುಂಬೆ, ತುಳಸಿ, ಕಾಮಕಸ್ತೂರಿ, ನಾಚಿಕೆಮುಳ್ಳು, ಯಾವುದಾದರೂ ಸರಿ. ಇಬ್ಬರು ಮಕ್ಕಳು ಹತ್ತು ನಿಮಿಷ ಅದನ್ನೇ ನೋಡಬೇಕು. ಒಬ್ಬರು ನೋಡಿ ಹೇಳುವುದು, ಒಬ್ಬರು ಬರೆಯುವುದು. ತಾರೀಖು, ಗಂಟೆ, ಬಿಸಿಲಾ ಮೋಡವಾ, ಗಾಳಿ ಇದೆಯಾ, ಯಾವ ಗಿಡ, ಎಷ್ಟು ಹೂವು ಅರಳಿದೆ, ಯಾರು ಬಂದರು, ಎಷ್ಟು ಸಲ ಕೂತರು. ಇದನ್ನೇ ಹದಿನೈದು ದಿನಕ್ಕೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮಾಡಿ. ಬೆಳಿಗ್ಗೆ 9ರಿಂದ 12 ಒಳ್ಳೆಯ ಹೊತ್ತು. ಜೂನ್, ಜುಲೈನಲ್ಲಿ ನಿಮ್ಮ ಕಡೆ ಛತ್ರಿ ಹಿಡಿದು ನಿಂತರೆ ಮಳೆಹನಿ ಎಣಿಸಬೇಕಾದೀತು, ಅಕ್ಟೋಬರ್‌ನಿಂದ ಶುರು ಮಾಡಿ. ಆದರೆ ಮಳೆಗಾಲದಲ್ಲಿ ಎರಡು ದಿನ ಹೊಳವಾದರೆ ಬಿಡಬೇಡಿ, ಗೌರಿ ಹೂವಿನ ಹತ್ತಿರ ಹೋಗಿ ನೋಡಿ. ಬೇಸಿಗೆಯಲ್ಲಿ ಕಾಣದ ಹುಳ ಆಗ ಕಾಣಬಹುದು.

ಹೆಸರಿನ ಬದಲು ಮಕ್ಕಳೇ ಅಡ್ಡಹೆಸರು ಇಡಲಿ. 'ನೀಲಿ ಪಟ್ಟೆ', 'ಹಸಿರು ಕಡ್ಡಿ', 'ಹೊಟ್ಟೆ ಹಳದಿ'. ಒಂದೇ ಷರತ್ತು, ಅಡ್ಡಹೆಸರು ಇಟ್ಟವರು ಅದರ ಚಹರೆಯನ್ನೂ ಬರೆದಿಡಬೇಕು. ಪರಾಗ ಎಲ್ಲಿ ಹೊತ್ತಿದೆ ಅನ್ನುವುದನ್ನು ಮೊದಲು ನೋಡಲು ಹೇಳಿ. ತುಡುವೆಯ ಹಿಂಗಾಲಲ್ಲಿ ಒದ್ದೆ ಉಂಡೆ ಇರುತ್ತದೆ. ನೀಲಿ ಪಟ್ಟೆಯವಳ ಹಿಂಗಾಲಲ್ಲಿ ಕೂದಲಿನ ನಡುವೆ ಒಣ ಹಿಟ್ಟು. ಎಲೆ ಕತ್ತರಿಸುವ ಜೇನು ಮಾತ್ರ ಹೊಟ್ಟೆಯ ಅಡಿಗೆ ಮೆತ್ತಿಕೊಂಡು ಹೋಗುತ್ತದೆ, ಹೊಟ್ಟೆ ಹಳದಿ ಅಂದರೆ ಅದೇ. ಶಾಲೆಯ ಗುಲಾಬಿ ಎಲೆಯ ಅಂಚಲ್ಲಿ ನಾಣ್ಯದಲ್ಲಿ ಕತ್ತರಿಸಿದ ಹಾಗೆ ದುಂಡಗೆ ತುಂಡು ಹೋಗಿರುವುದನ್ನು ನೋಡಿರುತ್ತೀರಿ. ಕಂಬಳಿಹುಳದ ಮೇಲೆ ಅನುಮಾನ ಪಟ್ಟಿರುತ್ತೀರಿ. ಅದು ಇವಳ ಕೆಲಸ. ತಿನ್ನುವುದಕ್ಕಲ್ಲ, ಸುರುಳಿ ಸುತ್ತಿ ಮರಿಗೆ ತೊಟ್ಟಿಲು ಮಾಡುವುದಕ್ಕೆ.

ಜೇನಿನ ವೇಷ ಹಾಕಿದ ನೊಣಗಳೂ ಬರುತ್ತವೆ, ಮಕ್ಕಳು ಮೋಸ ಹೋಗುತ್ತಾರೆ. ದೊಡ್ಡವರೂ ಹೋಗುತ್ತಾರೆ. ನೊಣಕ್ಕೆ ಎರಡೇ ರೆಕ್ಕೆ, ಮೀಸೆ ಮೋಟು, ಮುಖದ ತುಂಬ ಕಣ್ಣು. ಜೇನಿಗೆ ನಾಲ್ಕು ರೆಕ್ಕೆ, ಮೀಸೆ ಉದ್ದ, ನಡುವೆ ಮೊಣಕೈಯಂತೆ ಬಾಗಿರುತ್ತದೆ.

ಕೊಲ್ಲುವುದು ಬೇಡ. ತೀರಾ ಹತ್ತಿರದಿಂದ ಫೋಟೋ ಬೇಕು ಅಂದರೆ ಪಾರದರ್ಶಕ ಡಬ್ಬಿಯಲ್ಲಿ ಹಿಡಿದು ಐಸ್ ತುಂಡುಗಳ ಪಕ್ಕ ಕೆಲವು ನಿಮಿಷ ಇಟ್ಟರೆ ಹುಳ ಮಂಕಾಗಿ ಕೂರುತ್ತದೆ. ಮುಖ, ಬೆನ್ನು, ರೆಕ್ಕೆ ಮೂರರ ಫೋಟೋ ತೆಗೆದು ಬಿಸಿಲಿಗಿಟ್ಟರೆ ತಾನೇ ಎದ್ದು ಹೋಗುತ್ತದೆ. ಹೆಜ್ಜೇನು ಕಟ್ಟಿರುವ ಮರ, ನೀರಿನ ಟ್ಯಾಂಕ್, ಬಂಡೆಯ ಹತ್ತಿರ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಜೇನು ಚುಚ್ಚಿದರೆ ಮೈಯೆಲ್ಲ ದದ್ದು ಏಳುವ, ಉಸಿರು ಕಟ್ಟುವ ಮಕ್ಕಳಿದ್ದಾರಾ ಅಂತ ಮನೆಯವರನ್ನು ಮೊದಲೇ ಕೇಳಿಕೊಳ್ಳಿ.

ಫೋಟೋ ಹಾಕಿದರೆ ಮೊಬೈಲ್ ಆಪ್ ಜಾತಿಯ ಹೆಸರು ಹೇಳುತ್ತದೆ. ಅದನ್ನೇ ಬರೆದುಕೊಂಡರೆ ಸಾಲದಾ?
— ಭದ್ರಾವತಿಯ ಕಾಲೇಜು ವಿದ್ಯಾರ್ಥಿ

ಸಾಲದು. ನೀಲಿ ಪಟ್ಟೆ, ಎಲೆ ಕತ್ತರಿ, ಮರಕೊರಕ ಅಂತ ಗುಂಪಿನವರೆಗೆ ಫೋಟೋ ಕೈ ಹಿಡಿಯುತ್ತದೆ. ಅದರಾಚೆ ಹೋಗಬೇಕಾದರೆ ಎಷ್ಟೋ ಜಾತಿಗಳಲ್ಲಿ ಗಂಡು ಹುಳದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಪ್‌ಗೆ ಅದೆಲ್ಲ ಗೊತ್ತಿಲ್ಲ, ತನ್ನ ಬಳಿ ಇರುವ ಫೋಟೋಗಳಲ್ಲಿ ಹತ್ತಿರದ್ದನ್ನು ತೋರಿಸುತ್ತದೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜೀವಿಗಳ ಫೋಟೋ ಹಂಚಿಕೊಳ್ಳುವ ಜಾಲತಾಣಗಳಿಗೆ ಖಂಡಿತ ಹಾಕಿ, ತಿಳಿದವರು ತಿದ್ದುತ್ತಾರೆ. ಯಾವ ಹೂವಿನ ಮೇಲಿತ್ತು ಅಂತ ಬರೆಯಿರಿ. ಹೆಸರು ನಾಳೆ ಬದಲಾದೀತು, ಹೂವು ಬದಲಾಗಲ್ಲ. ರೆಕ್ಕೆ ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಇರಲಿ. ಮುಂದಿನ ರೆಕ್ಕೆಯ ನರಗಳ ನಡುವೆ ಪುಟ್ಟ ಪುಟ್ಟ ಮನೆಗಳಿರುತ್ತವೆ. ಅದರ ಒಂದು ಸಾಲಿನಲ್ಲಿ ಎಲೆ ಕತ್ತರಿಸುವ ಜೇನಿನ ಕುಟುಂಬಕ್ಕೆ ಎರಡೇ ಮನೆ, ದೊಡ್ಡ ಮರಕೊರಕಕ್ಕೆ ಮೂರು. ಬೆನ್ನಿನ ಫೋಟೋ ಎಷ್ಟೇ ಚಂದ ಬಂದರೂ ಇದು ಕಾಣದಿದ್ದರೆ ತಿಳಿದವರೂ ಸುಮ್ಮನಾಗುತ್ತಾರೆ.

ಎಂಎಸ್‌ಸಿ ಪ್ರಾಜೆಕ್ಟಿಗೆ ಶಿವಮೊಗ್ಗ ಜಿಲ್ಲೆಯ ಕಾಡುಜೇನು ಸಮೀಕ್ಷೆ ತೆಗೆದುಕೊಂಡಿದ್ದೇನೆ. ಬಣ್ಣದ ಬಟ್ಟಲು ಇಡಬೇಕಾ, ಬಲೆ ಬೀಸಬೇಕಾ? ಎಷ್ಟು ಸಿಕ್ಕಿದರೆ ಸಾಕು ಅಂತ ಹೇಗೆ ತಿಳಿಯುವುದು?
— ಶಿವಮೊಗ್ಗದ ವಿದ್ಯಾರ್ಥಿನಿ

ಎರಡೂ ಮಾಡಿ. ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ: ನೀಲಿ, ಹಳದಿ, ಬಿಳಿ ಬಣ್ಣದ ಪ್ಲಾಸ್ಟಿಕ್ ಬಟ್ಟಲಿಗೆ ನೀರು ಹಾಕಿ, ಒಂದು ತೊಟ್ಟು ಸೋಪು ಬಿಟ್ಟು ಬೆಳಿಗ್ಗೆ ಬಯಲಲ್ಲಿ ಇಡುತ್ತಾರೆ. ಹೂವು ಅಂತ ಬಂದ ಹುಳ, ಸೋಪಿನಿಂದ ನೀರಿನ ಬಿಗಿ ಸಡಿಲವಾಗಿರುವುದರಿಂದ ಮುಳುಗುತ್ತದೆ. ಇದರಲ್ಲಿ ಸಣ್ಣ ಬೆವರುಜೇನುಗಳು ರಾಶಿ ಬೀಳುತ್ತವೆ, ದೊಡ್ಡ ಮರಕೊರಕ ಮತ್ತು ತುಡುವೆ ಬೀಳುವುದು ಅಪರೂಪ. ಬಲೆಯಲ್ಲಿ ಇದು ಉಲ್ಟಾ, ಕಣ್ಣಿಗೆ ಬೀಳುವ ದೊಡ್ಡವೇ ಜಾಸ್ತಿ ಸಿಗುತ್ತವೆ. ಬಟ್ಟಲು ಮಾತ್ರ ಇಟ್ಟವರು ಬರೆದ ಊರಿನ ಕಥೆಯೇ ಬೇರೆ, ಬಲೆ ಮಾತ್ರ ಬೀಸಿದವರ ಊರೇ ಬೇರೆ. ಟೊಳ್ಳು ಬಿದಿರಿನ ಕಡ್ಡಿಗಳನ್ನು ಕಟ್ಟು ಕಟ್ಟಿ ಜಗಲಿ ಮೂಲೆಗೆ ತೂಗುಹಾಕಿದರೆ ಎಲೆ ಕತ್ತರಿಯಂಥವು ಗೂಡು ಮಾಡುತ್ತವೆ, ಅದೂ ಇರಲಿ. ಬಟ್ಟಲನ್ನು ಸಂಜೆಯೊಳಗೆ ಎತ್ತಿಬಿಡಿ. ಕುಂದಾದ್ರಿ ತಪ್ಪಲಲ್ಲಿ ಒಮ್ಮೆ ನನ್ನ ಹಳದಿ ಬಟ್ಟಲುಗಳನ್ನೆಲ್ಲ ಮಂಗಗಳು ಎತ್ತಿಕೊಂಡು ಹೋದವು. ನೀಲಿಯವನ್ನು ಮುಟ್ಟಲಿಲ್ಲ. ಬಾಳೆಹಣ್ಣಿನ ಆಸೆಯೇನೋ.

ಜಾಗ ಆರಿಸುವಾಗ ಎಲ್ಲರೂ ದಟ್ಟ ಕಾನಿಗೆ ಓಡುತ್ತಾರೆ. ಕಾನಿನೊಳಗೆ ಹೂವೆಲ್ಲ ತಲೆ ಮೇಲೆ ಮೂವತ್ತು ಮೀಟರ್ ಎತ್ತರದಲ್ಲಿ, ಕೆಳಗೆ ನಿಂತ ನಿಮ್ಮ ಬಲೆಗೆ ಬರೀ ಸೊಳ್ಳೆ. ಕಾನಿನ ಅಂಚು, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅಡಿಕೆ ತೋಟ, ಗದ್ದೆಯ ಬದು, ಅಕೇಶಿಯಾ ಪ್ಲಾಂಟೇಶನ್, ಊರಿನ ಧರೆ, ಹೀಗೆ ಬೇರೆ ಬೇರೆ ತರದ ಜಾಗ ಇಟ್ಟುಕೊಳ್ಳಿ. ಪ್ರತಿ ಜಾಗದಲ್ಲೂ 100 ಮೀಟರ್ ದಾರಿ ಗುರುತು ಮಾಡಿ, ಅದೇ ನಡಿಗೆಯಲ್ಲಿ, ಅಷ್ಟೇ ಹೊತ್ತು ನಡೆಯಿರಿ. ಒಂದು ಕಡೆ ಅರ್ಧ ಗಂಟೆ, ಇನ್ನೊಂದು ಕಡೆ ಎರಡು ಗಂಟೆ ನಿಂತು 'ಇಲ್ಲಿ ವೈವಿಧ್ಯ ಜಾಸ್ತಿ' ಅಂತ ಬರೆದ ವರದಿಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಎಷ್ಟು ಸಾಕು ಅನ್ನುವುದಕ್ಕೆ ಒಂದು ಸುಲಭದ ಲೆಕ್ಕವಿದೆ. ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವ್ 1984ರಲ್ಲಿ ಕೊಟ್ಟದ್ದು. ಒಂದೇ ಒಂದು ಸಲ ಸಿಕ್ಕ ಜಾತಿಗಳು ಎಷ್ಟು, ಎರಡು ಸಲ ಸಿಕ್ಕವು ಎಷ್ಟು ಅಂತ ನೋಡಿ. ಉದಾಹರಣೆಗೆ ನಿಮಗೆ ಒಟ್ಟು 40 ಜಾತಿ ಸಿಕ್ಕಿವೆ ಅಂದುಕೊಳ್ಳಿ. 12 ಜಾತಿ ಒಂದೊಂದೇ ಸಲ, 6 ಜಾತಿ ಎರಡೆರಡು ಸಲ. ಹನ್ನೆರಡನ್ನು ಹನ್ನೆರಡರಿಂದಲೇ ಗುಣಿಸಿದರೆ 144. ಅದನ್ನು ಆರರ ಎರಡರಷ್ಟು, ಅಂದರೆ 12ರಿಂದ ಭಾಗಿಸಿದರೆ 12. ಹಾಗಾದರೆ ಕಮ್ಮಿ ಅಂದರೂ 52 ಜಾತಿ ಅಲ್ಲಿವೆ, ಹನ್ನೆರಡು ನಿಮ್ಮ ಕಣ್ಣು ತಪ್ಪಿಸಿವೆ. ಒಂದೇ ಸಲ ಕಂಡವರು ಜಾಸ್ತಿ ಇದ್ದಷ್ಟು ಕಾಣದವರೂ ಜಾಸ್ತಿ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪ್ರತಿ ಸಲವೂ ಹೊಸ ಮುಖ ಬರುತ್ತಿದ್ದರೆ ಅಡುಗೆಯವರಿಗೆ ಗೊತ್ತಾಗುತ್ತದಲ್ಲ, ಇನ್ನೂ ಜನ ಇದ್ದಾರೆ ಅಂತ.

ಅನುಮತಿ ವಿಷಯ ಮರೆಯಬೇಡಿ. ಸ್ವಂತದವರ ತೋಟದಲ್ಲಿ ಮಾಲೀಕರನ್ನು ಕೇಳಿ. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಪತ್ರವಿಲ್ಲದೆ ಒಂದು ಹುಳವನ್ನೂ ಎತ್ತಬೇಡಿ. ಅರ್ಜಿಗೆ ಸಮಯ ಹಿಡಿಯುತ್ತದೆ, ಹೂವು ಕಾಯುವುದಿಲ್ಲ, ಈಗಲೇ ಹಾಕಿ. 2002ರ ಜೀವವೈವಿಧ್ಯ ಕಾಯ್ದೆಯನ್ನು ಓದಿಕೊಳ್ಳಿ. ಹುಳವನ್ನು ಹೊರದೇಶದ ತಜ್ಞರಿಗೆ ಪೋಸ್ಟ್ ಮಾಡುವ ಯೋಚನೆ ಇದ್ದರೆ ಅದಕ್ಕೆ ಬೇರೆಯೇ ಅನುಮತಿ ಬೇಕು.

ಇನ್ನು ಲೇಬಲ್. ಇದನ್ನು ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ. ನಾನು ಶುರು ಮಾಡಿದ ವರ್ಷ, ಫೆಬ್ರವರಿಯಿಂದ ಮೇವರೆಗೆ ಹಿಡಿದ ಹುಳಗಳನ್ನು ಸ್ಪಿರಿಟ್ ತುಂಬಿದ ಸೀಸೆಗಳಲ್ಲಿ ಹಾಕಿ, ಒಳಗೆ ಚೀಟಿ ಇಟ್ಟಿದ್ದೆ. ಚೆನ್ನಾಗಿ ಕಾಣಲಿ ಅಂತ ಜೆಲ್ ಪೆನ್ನಲ್ಲಿ ದುಂಡಗೆ ಬರೆದಿದ್ದೆ. ಮಳೆಗಾಲದಲ್ಲಿ ಕೂತು ನೋಡೋಣ ಅಂತ ತೆಗೆದರೆ ಎಲ್ಲ ಸೀಸೆಯ ಸ್ಪಿರಿಟ್ಟೂ ತಿಳಿನೀಲಿ, ಎಲ್ಲ ಚೀಟಿಯೂ ಬೆಳ್ಳಗೆ. ಹುಳ ಇವೆ, ಯಾವ ಊರಿನವು, ಯಾವ ಹೂವಿನವು ಒಂದೂ ಇಲ್ಲ. ನಾಲ್ಕು ತಿಂಗಳ ಕೆಲಸ ಚರಂಡಿಗೆ. ಪೆನ್ಸಿಲಲ್ಲಿ ಬರೆಯಿರಿ, ಇಲ್ಲ ಇಂಡಿಯನ್ ಇಂಕ್‌ನಲ್ಲಿ. ಊರು, ಅಕ್ಷಾಂಶ ರೇಖಾಂಶ, ಎತ್ತರ, ತಾರೀಖು, ಹಿಡಿದವರ ಹೆಸರು, ಗಿಡ. ಅದೇ ರಾತ್ರಿ ನೋಟ್‌ಬುಕ್ಕಿಗೂ ಹತ್ತಿಸಿ. ಪಿನ್ನು ಚುಚ್ಚಿಟ್ಟ ಹುಳಕ್ಕೆ ನಮ್ಮ ಕಡೆಯ ಜುಲೈ ತಿಂಗಳಲ್ಲಿ ಎರಡೇ ದಿನಕ್ಕೆ ಬೂಷ್ಟು ಬರುತ್ತದೆ, ಬಲ್ಬಿನ ಶಾಖದಲ್ಲಿ ಒಣಗಿಸಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪೆಟ್ಟಿಗೆಯಲ್ಲಿಡಿ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಕೀಟ ಸಂಗ್ರಹಗಳಿವೆ. ಅಲ್ಲಿ ಇದ್ದರೆ ಐವತ್ತು ವರ್ಷದ ನಂತರ ಬಂದವರೂ ತೆಗೆದು ನೋಡಬಹುದು. ನಾವು ಇವತ್ತಿಗೂ ಬಿಂಗ್‌ಹ್ಯಾಮ್ ಅನ್ನುವ ಬ್ರಿಟಿಷ್ ಸೈನ್ಯಾಧಿಕಾರಿ 1897ರಲ್ಲಿ ಬರೆದ ಭಾರತದ ಜೇನು-ಕಣಜಗಳ ಪುಸ್ತಕವನ್ನು ತಿರುವುತ್ತೇವೆ.

ಅಟ್ಟದ ಬಿದಿರು, ಮಾಡಿನ ಪಕಾಸಿಗೆಲ್ಲ ದೊಡ್ಡ ಕಪ್ಪು ದುಂಬಿ ತೂತು ಕೊರೆದಿದೆ. ಹೊಡೆದು ಹಾಕಬೇಕಾ?
— ಸೊರಬದಿಂದ

ದುಂಬಿ ಅಂತ ನೀವು ಕರೆದಿರುವುದು ದೊಡ್ಡ ಮರಕೊರಕ ಜೇನು. ಜೀರುಂಡೆಗೂ ದುಂಬಿ, ಇದಕ್ಕೂ ದುಂಬಿ ಅಂತ ನಾವು ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟಿದ್ದೇವೆ. ಇದು ಮರ ತಿನ್ನುವುದಿಲ್ಲ, ಮರಿಗೆ ಕೋಣೆ ಮಾಡುತ್ತದೆ. ಕೊರೆದ ಹೊಟ್ಟನ್ನೇ ಅಂಟಿಸಿ ಕೋಣೆಗಳ ನಡುವೆ ಅಡ್ಡಗೋಡೆ ಕಟ್ಟುತ್ತದೆ. ಗ್ಲಿರಿಸಿಡಿಯಾ, ಹೊಂಗೆ, ಪ್ಯಾಶನ್ ಫ್ರೂಟ್ ಹೂವಿಗೆಲ್ಲ ಇದೇ ದಲ್ಲಾಳಿ. ಮುಖದ ಮುಂದೆ ಬಂದು ನಿಂತು ಹೆದರಿಸುವುದು ಸಾಮಾನ್ಯವಾಗಿ ಗಂಡು, ಚುಚ್ಚಲು ಅದಕ್ಕೆ ಏನೂ ಇಲ್ಲ. ಮರಿಗಳು ಹಾರಿಹೋದ ಮೇಲೆ ತೂತು ಮುಚ್ಚಿ, ಪಕಾಸಿಗೆ ಎಣ್ಣೆಯೋ ಬಣ್ಣವೋ ಹೊಡೆಯಿರಿ. ತೋಟದ ಮೂಲೆಯಲ್ಲಿ ಒಣ ಬಿದಿರು ಅಥವಾ ಒಣಗಿದ ಕೊಂಬೆ ಬಿಟ್ಟರೆ ಅಲ್ಲಿಗೆ ಹೋಗುತ್ತವೆ.

ಇವುಗಳಲ್ಲೊಂದು ಜಾತಿ ರಾತ್ರಿ ಹಾರುತ್ತದೆ. ಮಹಾರಾಷ್ಟ್ರದ ಭೀಮಾಶಂಕರ ಕಾಡಿನಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಅದನ್ನು ನೋಡಿ ಬರೆದಿದ್ದಾರೆ. ಚಂದ್ರ ಇಲ್ಲದ ಕತ್ತಲಲ್ಲೂ ಹೂವು ಹುಡುಕಿಕೊಂಡು ಹೋಗುತ್ತದಂತೆ. ಸಮೀಕ್ಷೆ ಮಾಡುವವರು ಬೆಳಿಗ್ಗೆ 9ರಿಂದ 12 ಅಂತ ಗಂಟೆ ಕಟ್ಟಿಕೊಂಡರೆ ಇಂಥವರು ಪಟ್ಟಿಗೇ ಬರುವುದಿಲ್ಲ. ಮೇಲೆ ಆ ಹೊತ್ತು ಹೇಳಿದವನು ನಾನೇ, ಒಪ್ಪಿಕೊಂಡೆ.

ನಮ್ಮೂರಲ್ಲಿ ಇಪ್ಪತ್ತು ಜೇನು ಪೆಟ್ಟಿಗೆ ಇಟ್ಟಿದ್ದೇವೆ. ಜೇನು ಸಂತತಿ ಉಳಿಸಿದ ಹಾಗಾಯಿತಲ್ವಾ?
— ಕೊಪ್ಪದ ಕಡೆಯ ಯುವಕರ ತಂಡ

ತುಡುವೆ ಉಳಿಯಿತು, ನಿಮಗೆ ತುಪ್ಪವೂ ಸಿಕ್ಕಿತು, ಸಂತೋಷ. 1990ರ ದಶಕದ ಶುರುವಿನಲ್ಲಿ ತುಡುವೆಯ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣದಲ್ಲಿ ತುಡುವೆ ಪೆಟ್ಟಿಗೆಗಳು ಖಾಲಿ ಖಾಲಿ ಆದದ್ದನ್ನು ನೋಡಿದ ಹಿರಿಯರು ನಿಮ್ಮೂರಲ್ಲೂ ಇರುತ್ತಾರೆ, ಕೇಳಿ. ಆ ಮೇಲೆ ಮತ್ತೆ ಪೆಟ್ಟಿಗೆ ಇಡುವ ಧೈರ್ಯ ಬರೋದಕ್ಕೇ ವರ್ಷಗಳು ಹಿಡಿದವು. ಆದರೆ ಕೋಳಿ ಸಾಕಿ ಕಾಡಿನ ಹಕ್ಕಿ ಉಳಿಸಿದೆ ಅನ್ನೋಕಾಗುತ್ತಾ? ಒಂಟಿ ಜೇನುಗಳಿಗೆ ಬೇಕಾದದ್ದು ಪೆಟ್ಟಿಗೆಯಲ್ಲ, ಬರಿ ಮಣ್ಣು, ಒಣ ಕಡ್ಡಿ, ಕಳೆ ಅಂತ ನಾವು ಕಿತ್ತು ಹಾಕುವ ಹೂಗಿಡ. ಕಳೆನಾಶಕ ಹೊಡೆದ ತೋಟದಲ್ಲಿ ತುಂಬೆಯೂ ಇಲ್ಲ, ನಾಚಿಕೆಮುಳ್ಳೂ ಇಲ್ಲ. ಹಾಗೇ ಒಂದೇ ಜಾಗದಲ್ಲಿ ಪೆಟ್ಟಿಗೆ ಗಿಜಿಗುಡುವಷ್ಟು ಇಟ್ಟರೆ ಹೂವಿಗೆ ಪೈಪೋಟಿ ಬೀಳುತ್ತದೆ. ಹೂವಿನ ಲೆಕ್ಕ ನೋಡಿ ಪೆಟ್ಟಿಗೆ ಇಡಿ.

ಅಡಿಕೆ, ಮೆಣಸಿಗೆ ಜೇನು ಬೇಕಾ?
— ಶೃಂಗೇರಿ ಕಡೆಯಿಂದ, ಕಾರ್ಡಿನಲ್ಲಿ ಒಂದೇ ಸಾಲು

ಅಡಿಕೆಗೆ ಮುಖ್ಯವಾಗಿ ಗಾಳಿ ಸಾಕು, ಜೇನು ಅದರ ಪರಾಗಕ್ಕೆ ಬರುತ್ತದೆ ಅಷ್ಟೇ. ಕಾಳುಮೆಣಸಿಗೆ ಮಳೆಹನಿ ಸಹಾಯ ಮಾಡುತ್ತದೆ. ಏಲಕ್ಕಿಗೆ ಮಾತ್ರ ಜೇನು ಬೇಕೇ ಬೇಕು, ಅದರ ಹೂವು ಬೆಳಿಗ್ಗೆ ಅರಳಿ ಒಂದೇ ದಿನಕ್ಕೆ ಮುಗಿಯುತ್ತದೆ. ರೊಬಸ್ಟಾ ಕಾಫಿಗೂ ಬೇಕು.

ಹಿತ್ತಲಿನ ಬದನೆ ಹೂವನ್ನು ಒಮ್ಮೆ ಗಮನಿಸಿ. ಅದರ ಪರಾಗ ಉಪ್ಪಿನ ಡಬ್ಬಿಯಲ್ಲಿದ್ದ ಹಾಗೆ ಕೊಳವೆಯೊಳಗೆ ಇದೆ, ತುದಿಯಲ್ಲಿ ಸಣ್ಣ ತೂತು. ತುಡುವೆ ಬಂದು ಸುತ್ತ ತಡಕಾಡಿ ಹೋಗುತ್ತದೆ. ನೀಲಿ ಪಟ್ಟೆಯವಳು ಹಾಗಲ್ಲ. ಕೊಳವೆಯನ್ನು ತಬ್ಬಿಕೊಂಡು, ರೆಕ್ಕೆ ಆಡಿಸದೆ, ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತಾಳೆ. ಹಾರುವಾಗಿನ ಗುಂಯ್ ಸದ್ದು ಇದ್ದಕ್ಕಿದ್ದಂತೆ ಏರಿ ಝೀಂಂ ಆಗುತ್ತದೆ, ಪರಾಗ ಅವಳ ಹೊಟ್ಟೆ ಮೇಲೆ ಸುರಿಯುತ್ತದೆ. ಗುಡ್ಡದ ನೆಕ್ಕರಕದ ಹೂವಿನಲ್ಲೂ ಇದೇ ಆಟ. ಕಣ್ಣು ಮುಚ್ಚಿಕೊಂಡು ಕಿವಿಯಲ್ಲೇ ಗುರುತು ಹಿಡಿಯಬಹುದು.

ಗ್ರಾಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ (ಊರಿನ ಗಿಡ, ಪ್ರಾಣಿ, ಕೀಟಗಳನ್ನು ಬರೆದಿಡುವ ಪುಸ್ತಕ) ಜೇನು ಸೇರಿಸಬಹುದಾ?
— ಪಂಚಾಯಿತಿ ಸದಸ್ಯರು, ಹೊಸನಗರ ತಾಲ್ಲೂಕು

ಸೇರಿಸಲೇಬೇಕು. ನಾನು ನೋಡಿದ ಒಂದು ದಾಖಲಾತಿಯಲ್ಲಿ ಕೀಟಗಳ ಪುಟದಲ್ಲಿ 'ಜೇನು, ಚಿಟ್ಟೆ, ಇತ್ಯಾದಿ' ಅಂತಿತ್ತು. ಆ 'ಇತ್ಯಾದಿ'ಯಲ್ಲೇ ಎಲ್ಲರೂ ಹೋಗಿಬಿಟ್ಟರು. ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸಭೆಗೆ ಜೇನು ಕೀಳುವವರನ್ನು, ಸೊಪ್ಪು ತರುವ ಹೆಂಗಸರನ್ನು ಕರೆಯಿರಿ. ಯಾವ ಮರಕ್ಕೆ ಯಾವ ತಿಂಗಳು ಹೆಜ್ಜೇನು ಬರುತ್ತದೆ, ಯಾವ ಧರೆಯಲ್ಲಿ ತೂತುಗಳಿವೆ, ಯಾವ ಹೂವಿಗೆ ಎಂಥ ಹುಳ ಮುತ್ತುತ್ತದೆ ಅಂತ ಅವರ ಬಾಯಲ್ಲಿ ಬಂದದ್ದನ್ನು ಅವರದೇ ಮಾತಲ್ಲಿ ಬರೆಸಿ. ಲ್ಯಾಟಿನ್ ಹೆಸರು ಆಮೇಲೆ ಯಾರಾದರೂ ಸೇರಿಸುತ್ತಾರೆ.

ಸಂಜೆ ಹುಲ್ಲಿನ ಕಡ್ಡಿಗೆ ಹುಳಗಳು ಸಾಲಾಗಿ ಜೋತುಬಿದ್ದಿರುತ್ತವೆ. ಸತ್ತಿವೆಯಾ, ಬದುಕಿವೆಯಾ?
— ರಿಪ್ಪನ್‌ಪೇಟೆಯಿಂದ ಏಳನೇ ತರಗತಿ ವಿದ್ಯಾರ್ಥಿನಿ

ನಿದ್ದೆ ಮಾಡುತ್ತಿವೆ ಪುಟ್ಟಿ! ಅವು ನೀಲಿ ಪಟ್ಟೆಯ ಗಂಡುಗಳು ಇರಬೇಕು. ಹೆಣ್ಣಿಗೆ ಧರೆಯಲ್ಲಿ ಗೂಡಿದೆ, ಗಂಡಿಗೆ ಮನೆಯಿಲ್ಲ. ಕತ್ತಲಾಗುವ ಹೊತ್ತಿಗೆ ಒಂದು ಒಣ ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ಬೆಳಗಿನ ತನಕ ಹಾಗೇ ಇರುತ್ತವೆ. ದಿನಾ ಅದೇ ಕಡ್ಡಿಗೆ ಬರುವುದೂ ಉಂಟು. ಅಪ್ಪನಿಗೋ ಅಮ್ಮನಿಗೋ ಹೇಳಿ, ಸಂಜೆ ಆರೂವರೆ ಸುಮಾರಿಗೆ ಟಾರ್ಚ್ ತೆಗೆದುಕೊಂಡು ಒಟ್ಟಿಗೆ ಹೋಗಿ. ಕಡ್ಡಿ ಅಲುಗಿಸಬೇಡ, ಬೆಳಕನ್ನು ನೆಲದ ಕಡೆ ಬಿಡು. ಒಂದು ವಾರ ದಿನಾ ಎಷ್ಟಿದ್ದವು ಅಂತ ಎಣಿಸಿ ಬರೆದು ಕಳಿಸು, ಮುಂದಿನ ತಿಂಗಳು ಇಲ್ಲೇ ಹಾಕುತ್ತೇನೆ. ಪೆನ್ಸಿಲಲ್ಲಿ ಬರಿ.